ಹಿಮ್ಮೇಳದಲ್ಲಿದ್ದ ಹುಡುಗ

ಪ್ರೀತಿಯ ಗೆಳೆಯಾ,

ಹೋದ ಸಲ ಫೋನಿನಲ್ಲಿ ನೀನು ಕೇಳಿದ್ದು ಇನ್ನೂ ತಲೆಯಲ್ಲಿದೆ. ಅಮೆರಿಕದ ಸೋಲ್ ಗಾಯಕರ ತಂಡ ‘ದಿ ಇಂಪ್ರೆಷನ್ಸ್’ನ ಹಿಟ್ ಹಾಡುಗಳೆಲ್ಲ ನಿನ್ನ ಹತ್ತಿರ ಇವೆಯಲ್ಲ, ಈ ಶುರುವಿನ ಹಾಡುಗಳ ಸಂಕಲನ ಮತ್ಯಾಕೆ ಅಂದೆ. ಆಗ ಸರಿಯಾಗಿ ಹೇಳಲಾಗಲಿಲ್ಲ. ಅದಕ್ಕೇ ಈ ಪತ್ರ.

ಮೊದಲು 1958ರ ‘ಫಾರ್ ಯುವರ್ ಪ್ರೆಶಸ್ ಲವ್’ ಹಾಕು. ಹಾಡುವವನು ಜೆರ್ರಿ ಬಟ್ಲರ್. ವಯಸ್ಸು ಬರೀ 18, ದನಿ ಮಾತ್ರ ಸಂಸಾರದ ಭಾರ ಹೊತ್ತವರದ್ದು. ಈ ಹಾಡಿಗೆ ಪಲ್ಲವಿಯೇ ಇಲ್ಲ. ಪ್ರಾರ್ಥನೆಯ ಹಾಗೆ ಒಂದೇ ಸಮನೆ ಏರುತ್ತಾ ಹೋಗುತ್ತದೆ. ಷಿಕಾಗೋದ ಚರ್ಚುಗಳಲ್ಲಿ ಹಾಡಿ ಬೆಳೆದವನು ಅಲ್ವಾ, ಆ ರೂಢಿ ಎಲ್ಲಿಗೆ ಹೋದೀತು!

ಎರಡನೇ ಸಲ ಕೇಳುವಾಗ ಬಟ್ಲರ್‌ನನ್ನು ಬಿಟ್ಟು ಗಿಟಾರಿಗೆ ಕಿವಿ ಕೊಡು. ನುಡಿಸುತ್ತಿರುವುದು ಕರ್ಟಿಸ್ ಮೇಫೀಲ್ಡ್, 16ರ ಆಸುಪಾಸಿನ ಹುಡುಗ. ಬಟ್ಲರ್ ಜೊತೆ ಚರ್ಚಿನಲ್ಲಿ ಹಾಡಿದವನೇ. ಗಿಟಾರ್ ಯಾರೂ ಕಲಿಸಲಿಲ್ಲ. ಪಿಯಾನೋದ ಕಪ್ಪು ಮನೆಗಳ ಸ್ವರಕ್ಕೆ ತಂತಿಗಳನ್ನು ಶ್ರುತಿ ಮಾಡಿಕೊಂಡು ತಾನೇ ಕಲಿತ. ಕೊನೆಯವರೆಗೂ ಅದೇ ಶ್ರುತಿ. ಅವನ ಗಿಟಾರ್ ಬೇರೆ ಯಾರ ಹಾಗೂ ಕೇಳಿಸದಿರುವುದು ಅದಕ್ಕೇ.

ಆ ರೆಕಾರ್ಡಿನ ಮೇಲೆ ಬಟ್ಲರ್ ಹೆಸರನ್ನು ಮುಂದೆ ಹಾಕಿ ತಂಡದ ಹೆಸರನ್ನು ಹಿಂದೆ ಹಾಕಿದರು. ಮನಸ್ತಾಪವಾಯಿತು. ಬಟ್ಲರ್ ಒಬ್ಬನೇ ಹಾಡಲು ಹೊರಟ. ಅವನ ಜಾಗಕ್ಕೆ ಟೆನೆಸಿಯ ಚಟ್ಟನೂಗಾದಿಂದ ಹಳೇ ಜೊತೆಗಾರ ಫ್ರೆಡ್ ಕ್ಯಾಶ್ ಬಂದ.

ಮುಂದಿನ ಹಾಡುಗಳಲ್ಲಿ ತಂಡ ತನ್ನ ದನಿ ಹುಡುಕುವುದು ಕೇಳಿಸುತ್ತದೆ. ಕೆಲವು ಸುಮಾರಾಗಿವೆ, ಸುಳ್ಳು ಹೇಳಲಾರೆ. ಆದರೆ ಅವನ್ನು ದಾಟಿ 1961ರ ‘ಜಿಪ್ಸಿ ವುಮನ್’ಗೆ ಬಂದಾಗ ನನಗೆ ಮೈ ಜುಮ್ಮೆಂದಿತು. ಹಿಮ್ಮೇಳದಲ್ಲಿದ್ದ ಹುಡುಗ ಮೇಫೀಲ್ಡ್ ಮುಂದೆ ಬಂದಿದ್ದಾನೆ! ಬಟ್ಲರ್‌ನ ತುಂಬು ಕಂಠವಿದ್ದ ಕಡೆ ಈಗ ತೆಳ್ಳಗಿನ, ಎತ್ತರದ, ಮೆತ್ತನೆಯ ದನಿ. ಬರೀ ಹಿಟ್‌ಗಳನ್ನು ಕೇಳಿದವರಿಗೆ ಈ ಕ್ಷಣ ಸಿಗುವುದೇ ಇಲ್ಲ.

ಆಮೇಲೆ ಮೊದಲಿನಿಂದ ಜೊತೆಗಿದ್ದ ಬ್ರೂಕ್ಸ್ ಅಣ್ಣತಮ್ಮಂದಿರೂ ತಂಡ ಬಿಟ್ಟರು. ಉಳಿದವರು ಮೂವರು: ಮೇಫೀಲ್ಡ್, ಕ್ಯಾಶ್, ಸ್ಯಾಮ್ ಗೂಡನ್. ಮೂರೇ ದನಿ ಸಾಲದು ಅನ್ನಿಸಬೇಕಿತ್ತು, ಅಲ್ವಾ? 1963ರ ‘ಇಟ್ಸ್ ಆಲ್ ರೈಟ್’ ಕೇಳು. ಒಬ್ಬ ಸಾಲು ಎತ್ತುತ್ತಾನೆ, ಉಳಿದಿಬ್ಬರು ಅದನ್ನು ಹಿಡಿದುಕೊಳ್ಳುತ್ತಾರೆ. ಯಾರು ಮುಂದೆ ಯಾರು ಹಿಂದೆ ಅಂತ ಹೇಳುವುದೇ ಕಷ್ಟ. ರೆಕಾರ್ಡಿನ ಮೇಲೆ ಹೆಸರಿಗಾಗಿ ಒಡೆದ ತಂಡ ಇದೇನಾ ಅನ್ನಿಸಿತು ನನಗೆ.

ಮೇಫೀಲ್ಡ್ 1999ರಲ್ಲೇ ಹೋದ. 2025ರ ಫೆಬ್ರುವರಿಯಲ್ಲಿ ಬಟ್ಲರ್ ಕೂಡ ತೀರಿಕೊಂಡ. ಆ ರಾತ್ರಿ ನಾನು ಮತ್ತೆ ಮೊದಲ ಹಾಡನ್ನೇ ಹಾಕಿ ಕೂತೆ. ಒಬ್ಬ ಹಾಡುತ್ತಿದ್ದ, ಇನ್ನೊಬ್ಬ ಹಿಂದೆ ಗಿಟಾರ್ ಹಿಡಿದಿದ್ದ.

ಸಂಕಲನ ಕಳಿಸುತ್ತಿದ್ದೇನೆ. ಇದ್ದ ಕ್ರಮದಲ್ಲೇ ಕೇಳು, ನಡುವೆ ಯಾವುದನ್ನೂ ಬಿಡಬೇಡ. ಕೇಳಿದ ಮೇಲೆ ಬರೆ.

ನಿನ್ನ ಗೆಳೆಯ