ಮರ ಕುಯ್ಯುವ ಮೊದಲು ಒಂದು ಫೋಟೋ ತೆಗೆಯಿರಿ

ಮಾನ್ಯ ಸಂಪಾದಕರೇ,

ಕೊಡಗಿನಲ್ಲಿ ಸುಂಟರಗಾಳಿ ಎಷ್ಟು ಸಲ ಬಂದಿದೆ? ಪೇಪರ್ ಓದಿದರೆ ಪ್ರತಿ ಮಳೆಗಾಲದಲ್ಲೂ ಬರುತ್ತದೆ. ನಾಲ್ಕು ಸಿಲ್ವರ್ ಓಕ್ ಮರ ಉರುಳಿ, ತೋಟದ ಕಾರ್ಮಿಕರ ಲೈನ್‌ಮನೆಯ ಶೀಟ್ ಹಾರಿಹೋದರೆ ಸಾಕು, ಮರುದಿನ ಸುದ್ದಿ ಆಗುತ್ತದೆ. ಇನ್ನು ಕೆಲವರು ‘ಅದೆಲ್ಲ ಅಮೆರಿಕದಲ್ಲಿ, ನಮ್ಮ ಬೆಟ್ಟಕ್ಕೆ ಬರಲ್ಲ ಬಿಡಿ’ ಅನ್ನುತ್ತಾರೆ. ಇಬ್ಬರ ಹತ್ತಿರವೂ ಲೆಕ್ಕ ಇಲ್ಲ.

ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 1,200 ಬರುತ್ತವೆ, ಸರಿ. ಆದರೆ ಬ್ರಿಟನ್‌ನಲ್ಲೂ ವರ್ಷಕ್ಕೆ ಸುಮಾರು 30 ಬರುತ್ತವೆ ಅಂದರೆ ಎಷ್ಟು ಜನ ನಂಬುತ್ತಾರೆ? ಹೆಚ್ಚಿನವು ಸಣ್ಣವು, ಒಂದೆರಡು ಹೆಂಚು ಹಾರಿಸಿ ಹೋಗುವಂಥವು. ಅಲ್ಲಿ 1974ರಿಂದ ಆಸಕ್ತರ ಒಂದು ಸಂಸ್ಥೆಯೇ ಇದೆ, ಜನರಿಂದ ಮಾಹಿತಿ ತರಿಸಿಕೊಂಡು ಬರೆದಿಡುತ್ತದೆ, ಅದಕ್ಕೇ ಲೆಕ್ಕ ಸಿಗುತ್ತದೆ. ನಮ್ಮಲ್ಲಿ ಜನ ಸತ್ತರೆ ಮಾತ್ರ ದಾಖಲೆ. 1978ರ ಮಾರ್ಚ್ 17ರಂದು ದೆಹಲಿಯಲ್ಲಿ ಬಂದದ್ದು, 1998ರ ಮಾರ್ಚ್ 24ರಂದು ಒಡಿಶಾ-ಬಂಗಾಳ ಗಡಿಯಲ್ಲಿ ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡದ್ದು ನೆನಪಿದೆ. ಕಾಡಲ್ಲೋ ತೋಟದಲ್ಲೋ ಎರಡು ನಿಮಿಷ ಸುತ್ತಿ ಹೋದದ್ದನ್ನು ಯಾರು ಬರೆದಿಡುತ್ತಾರೆ?

ಬಂದದ್ದು ಸುಂಟರಗಾಳಿಯೋ ಅಲ್ಲವೋ ಅಂತ ಗೊತ್ತುಮಾಡುವ ದಾರಿ ಬಿದ್ದ ಮರದಲ್ಲೇ ಇದೆ. ಜಪಾನ್ ಮೂಲದ ವಿಜ್ಞಾನಿ ಫುಜಿತಾ ವಿಮಾನದಲ್ಲಿ ಹಾರಾಡಿ, ಮರಗಳು ಯಾವ ಕಡೆಗೆ ಬಿದ್ದಿವೆ ಅಂತ ಗುರುತು ಹಾಕುತ್ತಿದ್ದರು. ಮುಂಗಾರಿನ ಗಾಳಿ ಆದರೆ ಮರಗಳೆಲ್ಲ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಮಲಗಿರುತ್ತವೆ. ಹೂ ಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಹೊತ್ತಿನ ಗುಡುಗು ಮೋಡದಿಂದ ಗಾಳಿ ಧುಮುಕಿದರೆ, ಬಕೆಟ್ ನೀರು ನೆಲಕ್ಕೆ ಸುರಿದ ಹಾಗೆ, ಸುತ್ತ ಹೊರಕ್ಕೆ ಹರಡಿಕೊಂಡು ಬಿದ್ದಿರುತ್ತವೆ. ಸುಂಟರಗಾಳಿ ಆದರೆ ಕಿರಿದಾದ ಒಂದು ಪಟ್ಟಿಯಲ್ಲಿ ಒಂದರ ಮೇಲೊಂದು ಅಡ್ಡಡ್ಡ ಬಿದ್ದು, ಪಟ್ಟಿಯ ಆಚೆ ಕಾಳುಮೆಣಸಿನ ಬಳ್ಳಿ ಕೂಡ ಅಲ್ಲಾಡದೆ ಇರಬಹುದು. ಎಲ್ಲ ಸಲವೂ ಇಷ್ಟು ಚೆನ್ನಾಗಿ ಕಾಣುವುದಿಲ್ಲ, ನಮ್ಮ ಇಳಿಜಾರುಗಳಲ್ಲಿ ಗಾಳಿ ತಿರುಗುವ ರೀತಿಯೇ ಬೇರೆ. ಆದರೂ ಊಹೆಗಿಂತ ಮೇಲು ಅಲ್ವಾ?

ತೊಂದರೆ ಏನೆಂದರೆ ನಾವು ಮರುದಿನವೇ ಗರಗಸ ತರುತ್ತೇವೆ. ರಸ್ತೆ ಬಿಡಿಸಬೇಕು, ಕರೆಂಟ್ ಬರಬೇಕು, ಕಾಫಿ ಗಿಡ ಉಳಿಸಬೇಕು, ತಪ್ಪಲ್ಲ. ಆದರೆ ಮಧ್ಯಾಹ್ನದ ಹೊತ್ತಿಗೆ ಸಾಕ್ಷಿಯೆಲ್ಲ ಸೌದೆ ಆಗಿರುತ್ತದೆ.

ಬೆಳೆಗಾರರಿಗೆ ಬರೆದಿಡುವುದು ಹೊಸದೇನೂ ಅಲ್ಲ. ಎಷ್ಟೋ ಮನೆಗಳಲ್ಲಿ ಅಜ್ಜನ ಕಾಲದಿಂದ ಇಂಚು, ಸೆಂಟ್ (ಇಂಚಿನ ನೂರರಲ್ಲಿ ಒಂದು ಪಾಲು) ಲೆಕ್ಕದಲ್ಲಿ ಮಳೆ ಪುಸ್ತಕ ಇದೆ. ಅದೇ ಪುಸ್ತಕದಲ್ಲಿ ಗಾಳಿ ಬಂದ ದಿನ, ಹೊತ್ತು, ಮರ ಬಿದ್ದ ದಿಕ್ಕು ಅಂತ ಒಂದು ಸಾಲು ಸೇರಿಸಿದರೆ ಆಯಿತು. ನಿಮ್ಮ ವರದಿಗಾರರೂ ಎಷ್ಟು ಲಕ್ಷ ನಷ್ಟ ಅಂತ ಕೇಳುವ ಜೊತೆಗೆ ಇದನ್ನೂ ಕೇಳಲಿ, ಮಳೆ ವಿವರದ ಪಕ್ಕ ಹಾಕಿ. ಫೋಟೋದಲ್ಲಿ ಬುಡ ಯಾವುದು, ತುದಿ ಯಾವುದು ಕಾಣಬೇಕು. ಕರೆಂಟ್ ತಂತಿ ಬಿದ್ದ ಕಡೆ ಮಾತ್ರ ಫೋಟೋ ಅಂತ ಹತ್ತಿರ ಹೋಗಬೇಡಿ.

– ಒಬ್ಬ ಬೆಳೆಗಾರ, ಸುಂಟಿಕೊಪ್ಪ