ಸ್ವಂತ ಲಾರಿ ಈಗಲೇ ಬೇಡ ಅಪ್ಪ

ಡಲ್ಲಾಸ್

ತೀರ್ಥರೂಪ ಅಪ್ಪನವರಿಗೆ ನಮಸ್ಕಾರ. ನಾನು ಇಲ್ಲಿ ಆರಾಮ. ನೀವೂ ಅವ್ವನೂ ಆರಾಮ ಅಂದುಕೊಂಡಿದ್ದೇನೆ.

ನಿಮ್ಮ ಪತ್ರ ಓದಿದಾಗಿನಿಂದ ಮನಸ್ಸು ಸರಿಯಿಲ್ಲ. ಸಿರುಗುಪ್ಪದ ಗದ್ದೆ ಅಡ ಇಟ್ಟು ದುಡ್ಡು ಕಳಿಸುತ್ತೇನೆ, ಸ್ವಂತ ಲಾರಿ ತಗೋ, ಎಷ್ಟು ದಿನ ಇನ್ನೊಬ್ಬರ ಗಾಡಿ ಓಡಿಸುತ್ತೀಯ ಅಂತ ಬರೆದಿದ್ದೀರಿ. ಅಪ್ಪ, ಆ ಗದ್ದೆ ಮುಟ್ಟಬೇಡಿ. ಕಾಲುವೆ ನೀರು ಬರುವ ಭೂಮಿ ನಮಗೆ ಅದೊಂದೇ ಉಳಿದಿರುವುದು.

2011ರಲ್ಲಿ ಸುಪ್ರೀಂ ಕೋರ್ಟ್ ನಮ್ಮ ಬಳ್ಳಾರಿಯ ಗಣಿ ನಿಲ್ಲಿಸಿದಾಗ ನಮ್ಮ ಟಿಪ್ಪರ್‌ಗಳು ಏನಾದವು, ನಿಮಗೇ ಗೊತ್ತು. ಅದಿರು ಇಲ್ಲ, ಬಾಡಿಗೆ ಇಲ್ಲ, ಕಂತು ಮಾತ್ರ ತಪ್ಪಲಿಲ್ಲ. ಕೊನೆಗೆ ಫೈನಾನ್ಸಿನವರು ಎಳೆದುಕೊಂಡು ಹೋದರು. ಅವತ್ತು ಅವ್ವ ಒಲೆ ಹಚ್ಚಲಿಲ್ಲ.

ಇಲ್ಲಿ ಕಂಪನಿ ಡ್ರೈವರ್‌ಗೆ ಮೈಲಿಗೆ ಇಷ್ಟು ಅಂತ ಸಂಬಳ. ಡೀಸೆಲ್, ಟೈರು, ರಿಪೇರಿ, ಇನ್ಶೂರೆನ್ಸ್ ಎಲ್ಲ ಅವರದೇ. ಸ್ವಂತ ಗಾಡಿ ಆದರೆ ಅಷ್ಟೂ ನಮ್ಮ ತಲೆ ಮೇಲೆ. ಹೊಸಬರಿಗಂತೂ ಇನ್ಶೂರೆನ್ಸೇ ಬಹಳ ಜಾಸ್ತಿ. ಕೆಲವು ಕಂಪನಿಗಳು ತಾವೇ ಗಾಡಿ ಕೊಟ್ಟು ವಾರವಾರ ಸಂಬಳದಲ್ಲಿ ಕಂತು ಹಿಡಿಯುತ್ತವೆ. ಮಧ್ಯೆ ಬಿಟ್ಟರೆ ಗಾಡಿಯೂ ಇಲ್ಲ, ಕಟ್ಟಿದ ದುಡ್ಡೂ ಇಲ್ಲ. ನನ್ನ ಜೊತೆ ಕಲಿತ ಪಂಜಾಬಿ ಹುಡುಗ ಹಾಗೇ ತಗೊಂಡ. ಹೊಗೆ ಸೋಸುವ ಫಿಲ್ಟರ್ ಕೆಟ್ಟು ಗಾಡಿ ಗ್ಯಾರೇಜಿನಲ್ಲಿ ಕೂತಿತು. ಪಾಪ, ದುಡಿಮೆ ಇಲ್ಲದೆ ಸಾಲ ಮಾಡಿ ಕಂತು ಕಟ್ಟಿದ.

ನಾನು ಹೆದರಿಲ್ಲ ಅಪ್ಪ. ಒಂದೆರಡು ವರ್ಷ ಅಪಘಾತವಿಲ್ಲದೆ ಓಡಿಸಿದರೆ ಇನ್ಶೂರೆನ್ಸ್ ಇಳಿಯುತ್ತದೆ. ಎಲ್ಲಿ ಲೋಡ್ ಸಿಗುತ್ತದೆ, ಎಲ್ಲಿಂದ ಖಾಲಿ ಬರಬೇಕಾಗುತ್ತದೆ ಅನ್ನೋದೂ ತಿಳಿಯುತ್ತದೆ. ಆಮೇಲೆ ಇಲ್ಲಿ ದುಡಿದ ದುಡ್ಡಿನಲ್ಲೇ ತಗೊಳ್ಳೋಣ.

ಅವ್ವನಿಗೆ ಹೇಳಿ, ನಿದ್ದೆಗೆಟ್ಟು ಓಡಿಸುವುದೇ ಇಲ್ಲ. 11 ಗಂಟೆ ಓಡಿಸಿದರೆ ಮತ್ತೆ 10 ಗಂಟೆ ರೆಸ್ಟ್ ಕಡ್ಡಾಯ. ಇಂಜಿನ್‌ಗೆ ಜೋಡಿಸಿದ ಯಂತ್ರವೇ ಲೆಕ್ಕ ಇಡುತ್ತದೆ. ಸೀಟಿನ ಹಿಂದೆ ಹಾಸಿಗೆ, ಫ್ರಿಜ್ ಎಲ್ಲ ಇದೆ. ಗಾಡಿ, ಸರಕು ಸೇರಿ 36 ಟನ್ ಮೇಲೆ ಸಾಮಾನ್ಯವಾಗಿ ಬಿಡಲ್ಲ. ಹೆದ್ದಾರಿ ಪಕ್ಕದಲ್ಲೇ ತೂಕ ಹಾಕುತ್ತಾರೆ. ಅದಿರು ಲಾರಿ ಓಡಾಡುವ ನಮ್ಮ ಸಂಡೂರು ರಸ್ತೆಯಲ್ಲೂ ಹೀಗಿದ್ದಿದ್ದರೆ ಎಷ್ಟು ಜೀವ ಉಳಿಯುತ್ತಿದ್ದವು! ದಿನಾ ಹೊರಡುವ ಮುಂಚೆ ಟಾರ್ಚ್ ಹಿಡಿದು ಟ್ರೈಲರ್ ಕೆಳಗೆ ಬಗ್ಗಿ, ಅದನ್ನು ಗಾಡಿಗೆ ಜೋಡಿಸುವ ಕಿಂಗ್‌ಪಿನ್ ಸರಿಯಾಗಿ ಕಚ್ಚಿಕೊಂಡಿದೆಯಾ ನೋಡುತ್ತೇನೆ. ಬ್ರೇಕಿನ ಗಾಳಿ ಸೋರುವ ಸದ್ದು ಬರುತ್ತಾ ಅಂತ ಕಿವಿಗೊಟ್ಟು ಕೇಳುತ್ತೇನೆ. ಏನೂ ಚಿಂತೆ ಬೇಡ, ನಿಜವಾಗಿಯೂ ಬೇಡ.

ಬ್ಯಾಂಕಿಗೆ ಪಹಣಿ ಕೊಟ್ಟಿದ್ದರೆ ನಾಳೆಯೇ ವಾಪಸ್ ತಗೊಳ್ಳಿ. ಶುಗರ್ ಮಾತ್ರೆ ತಪ್ಪಿಸಬೇಡಿ. ಲೋಡ್ ರೆಡಿ ಅಂತ ಕರೆಯುತ್ತಿದ್ದಾರೆ, ಹೊರಟೆ. ಭಾನುವಾರ ಫೋನ್ ಮಾಡುತ್ತೇನೆ.

ನಿಮ್ಮ ಮಗ
ಬಸವರಾಜ