ಹೊಟ್ಟೆ ತೆರೆದರೆ ಅದು ವೈದ್ಯರ ಸೋಲಲ್ಲ

ಮಾನ್ಯರೇ,

ಪಿತ್ತಕೋಶದ ಕಲ್ಲಿಗೆ ಲ್ಯಾಪರೋಸ್ಕೋಪಿ ಶಸ್ತ್ರಚಿಕಿತ್ಸೆ (ಹೊಟ್ಟೆ ತೆರೆಯದೆ, ಸಣ್ಣ ರಂಧ್ರಗಳಿಂದ ಕ್ಯಾಮೆರಾ ತೂರಿಸಿ ಪಿತ್ತಕೋಶ ತೆಗೆಯುವುದು) ಈಗ ಸಣ್ಣ ಊರುಗಳಲ್ಲೂ ಸಿಗುತ್ತಿದೆ. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಮಾಡಿ ತೋರಿಸಿದ್ದನ್ನು 1990ರಲ್ಲಿ ಮುಂಬೈನಲ್ಲಿ ಡಾ. ತೆಹೆಮ್ಟನ್ ಉದ್ವಾಡಿಯಾ ಭಾರತಕ್ಕೆ ತಂದರು. ಗಾಯ ಚಿಕ್ಕದು, ನೋವು ಕಡಿಮೆ, ಬೇಗ ಮನೆಗೆ ಹೋಗಬಹುದು. ಅಪರೂಪಕ್ಕಾದರೂ ಒಂದು ದೊಡ್ಡ ಅಪಾಯವಿದೆ: ಪಿತ್ತಕೋಶದ ನಾಳವೆಂದು ಭಾವಿಸಿ ಮುಖ್ಯ ಪಿತ್ತನಾಳವನ್ನೇ ಕತ್ತರಿಸಿಬಿಡುವುದು. ಅದನ್ನು ಸರಿಪಡಿಸಲು ಮತ್ತೊಂದು ದೊಡ್ಡ ಆಪರೇಷನ್ನೇ ಬೇಕಾಗಬಹುದು.

ಇದನ್ನು ತಡೆಯಲು 1995ರಲ್ಲಿ ಶಸ್ತ್ರಚಿಕಿತ್ಸಕ ಸ್ಟೀವನ್ ಸ್ಟ್ರಾಸ್‌ಬರ್ಗ್ ಮತ್ತು ಸಹೋದ್ಯೋಗಿಗಳು ಸ್ಪಷ್ಟ ಕ್ರಮ ಹೇಳಿದರು. ಸುತ್ತಲ ಕೊಬ್ಬನ್ನು ಬಿಡಿಸಬೇಕು, ಪಿತ್ತಕೋಶದ ಕೆಳಭಾಗವನ್ನು ಯಕೃತ್ತಿನಿಂದ ಬೇರ್ಪಡಿಸಬೇಕು, ಪಿತ್ತಕೋಶದೊಳಗೆ ಹೋಗುವ ಎರಡೇ ಎಳೆಗಳು (ಅದರ ನಾಳ ಮತ್ತು ರಕ್ತನಾಳ) ಕಣ್ಣಿಗೆ ಕಾಣಬೇಕು. ಆಮೇಲಷ್ಟೇ ಅವಕ್ಕೆ ಕ್ಲಿಪ್ ಹಾಕಿ ಕತ್ತರಿಸಬೇಕು. ಉರಿಯೂತ ಜಾಸ್ತಿಯಿದ್ದು ಹೀಗೆ ಕಾಣದಿದ್ದರೆ ಪಿತ್ತಕೋಶದ ಒಂದು ಭಾಗವನ್ನಷ್ಟೇ ತೆಗೆಯುವುದು ಅಥವಾ ಹೊಟ್ಟೆ ತೆರೆಯುವುದು ಸುರಕ್ಷಿತ.

ನಮ್ಮಲ್ಲಿ ಮಾತ್ರ ಹೊಟ್ಟೆ ತೆರೆದರೆ ಮನೆಯವರು ವೈದ್ಯರ ಮೇಲೆ ಮುಗಿಬೀಳುತ್ತಾರೆ. ಇದು ತಪ್ಪು. ಈ ಸಾಧ್ಯತೆಯನ್ನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವ ಮುನ್ನವೇ ಕನ್ನಡದಲ್ಲಿ ಬಿಡಿಸಿ ಹೇಳಬೇಕು. ಕ್ಯಾಮೆರಾ ಹೇಗೂ ಒಳಗಿರುತ್ತದೆ; ಕತ್ತರಿಸುವ ಮುಂಚಿನ ಚಿತ್ರವನ್ನು ಡಿಸ್ಚಾರ್ಜ್ ಸಾರಾಂಶದ ಜೊತೆ ಕೊಡುವುದನ್ನು ಆರೋಗ್ಯ ಇಲಾಖೆ ಕಡ್ಡಾಯ ಮಾಡಲಿ.

— ಓದುಗ, ಶಿವಮೊಗ್ಗ